ಆಬೀ ಕಲಿತ ರಾಗ

ಪೇಯ್‌ರೋಂಗ್ ಸ್ಕೂಟರಿನಿಂದ ಇಳಿದ ಮೇಲೂ ಹೆಲ್ಮೆಟ್ ತೆಗೆಯಲಿಲ್ಲ. ಛುನ್‌ತಾವ್‌ಗೆ ವಿಷಯ ತಿಳಿಯಲು ಅಷ್ಟೇ ಸಾಕಾಯಿತು.

ಬೆಳಗಿನ ಐದೂವರೆ ಗಂಟೆ. ಅಂಗಡಿಯ ಶಟರ್ ಆಗಷ್ಟೇ ಮೇಲೇರಿತ್ತು. ಕಾವಲಿ ಕಾಯುತ್ತಿತ್ತು, ಸೋಯಾ ಹಾಲಿನ ಹಂಡೆ ಕುದಿಗೆ ಬರುವುದರಲ್ಲಿತ್ತು. ಚಾವ್‌ಝೋವ್ ಪೇಟೆಯ ಆ ಓಣಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬೆಳಗಿನ ತಿಂಡಿ ಮಾರುತ್ತಿದ್ದ ಹೆಂಗಸು ಛುನ್‌ತಾವ್. ಬೇಯುತ್ತಿರುವ ದೋಸೆಯ ಸದ್ದು ಕೇಳಿಯೇ ಯಾವಾಗ ಮಗುಚಬೇಕೆಂದು ಹೇಳಬಲ್ಲವಳು. ತಂಗಿಯ ಮಗಳು ಆ ಹೊತ್ತಿನಲ್ಲಿ, ಮುಖ ಮುಚ್ಚಿಕೊಂಡು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಮಳೆಯಂಗಿ ಸುತ್ತಿದ ಪಂಜರ ಇಟ್ಟುಕೊಂಡು ಬಂದಿದ್ದರೆ ಅದರ ಅರ್ಥವೇನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಒಳಗೆ ಬಾ. ಮೊದ್ಲು ಆ ಹೆಲ್ಮೆಟ್ ತೆಗಿ."

"ಬೇಡ ದೊಡ್ಡಮ್ಮ."

"ಮತ್ತೆ ಹೆಲ್ಮೆಟ್ ಹಾಕ್ಕೊಂಡೇ ಹಾಲು ಕುಡೀತೀಯಾ? ಸ್ಟ್ರಾ ಕೊಡ್ಲಾ?"

ತಮಾಷೆಗೆಂದು ಆಡಿದ ಮಾತು. "ಕೊಡು" ಎಂದಳು ಪೇಯ್‌ರೋಂಗ್. ತುಟಿ ಎರಡು ಕಡೆ ಸೀಳಿತ್ತು. ಹೆಲ್ಮೆಟ್ಟಿನ ಗಾಜನ್ನು ಎರಡು ಬೆರಳಷ್ಟು ಎತ್ತಿ, ಸ್ಟ್ರಾ ತೂರಿಸಿ, ಗುಟುಕು ಗುಟುಕಾಗಿ ಹೀರಿದಳು. ಛುನ್‌ತಾವ್ ಶಟರಿನ ಗುಂಡಿ ಒತ್ತಿ ಅರ್ಧ ಇಳಿಸಿದಳು. ಆ ದಿನ ಮೊದಲ ಗಿರಾಕಿಗಳು ಬೇರೆ ಅಂಗಡಿಗೆ ಹೋದರು.

ಮಳೆಯಂಗಿ ಬಿಚ್ಚಿದಾಗ ಪಂಜರದ ಒಂದು ಪಕ್ಕ ಒಳಕ್ಕೆ ಕುಸಿದಿರುವುದು ಕಂಡಿತು. ತಳದಲ್ಲಿ ಬೂದು ಬಣ್ಣದ ಹೆಣ್ಣು ಕಾಕಟೀಲ್, ಜುಟ್ಟಿರುವ ಪುಟ್ಟ ಗಿಣಿ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಸತ್ತು ಬಿದ್ದಿತ್ತು. ಹಳದಿ ಗಂಡು ಮೂಲೆಯ ಸರಳಿಗೆ ಕಚ್ಚಿಕೊಂಡಿತ್ತು. ಜುಟ್ಟು ನೆತ್ತಿಗೆ ಅಂಟಿತ್ತು, ಬಾಲದ ಗರಿ ಒಂದೂ ಉಳಿದಿರಲಿಲ್ಲ, ಒಂದು ಕಾಲುಗುರು ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ಆ ಜೋಡಿಯನ್ನು ಮದುವೆಗೆಂದು ಕೊಟ್ಟವಳು ಛುನ್‌ತಾವಳೇ. ಮಹಡಿಯ ಮೇಲೆ ಮರಿಗಳಿಗೆ ಚಮಚದಲ್ಲಿ ಗಂಜಿ ಕುಡಿಸಿ ಸಾಕಿ ಮಾರುತ್ತಿದ್ದ ಕಾಲದಲ್ಲಿ, ಮಂಡಿ ನೋವು ಬಂದು ಅದನ್ನೆಲ್ಲ ಬಿಡುವ ಮೊದಲು, ಅವಳ ಕೈಯಲ್ಲಿ ಬೆಳೆದ ಕೊನೆಯ ಜೋಡಿ ಅದು.

"ಹಕ್ಕಿ ಕೂಗ್ತಿದ್ವು. ನಿದ್ದೆ ಬರ್ತಿಲ್ಲ ಅಂದ," ಎಂದಳು ಪೇಯ್‌ರೋಂಗ್. "ಪಂಜರ ಎತ್ಕೊಂಡು ನನ್ನ ಮೇಲೆ ಬೀಸಿದ. ಮೂರು ಸಲ. ಎರಡನೇ ಸಲಕ್ಕೆ ಹೆಣ್ಣು ಹಕ್ಕಿ ಸುಮ್ಮನಾಯ್ತು."

"ಮೂರನೇದು ಯಾಕಂತೆ?"

"ಇದಿನ್ನೂ ಕೂಗ್ತಿತ್ತಲ್ಲ."

ಗಂಡ ಜೆನ್‌ವೇಯ್ ಜಲ್ಲಿ ಲಾರಿಯ ಚಾಲಕ. ತೋಳು ಕಂಬದಂತೆ, ದನಿ ಮಾತ್ರ ಮೆತ್ತಗೆ. ಮೂರು ವರ್ಷದ ಸಂಸಾರದಲ್ಲಿ ಪೇಯ್‌ರೋಂಗ್ ಹೀಗೆ ಓಡಿಬಂದಿದ್ದು ಇದು ಮೂರನೆಯ ಸಲ. ಮೊದಲೆರಡು ಸಲವೂ ಅವನು ಓಣಿಯ ಮುಖಂಡ ಹೋಂಗ್‌ನನ್ನು ಮುಂದಿಟ್ಟುಕೊಂಡು ಬಂದಿದ್ದ. ನೆರೆಯವರೆದುರು ಮಂಡಿಯೂರಿ, ಎರಡೂ ಕೈಯಲ್ಲಿ ಛುನ್‌ತಾವ್‌ಗೆ ಚಹಾ ಹಿಡಿದಿದ್ದ. ಹಿರಿಯರು ಆ ಚಹಾ ಕುಡಿದರೆ ತಪ್ಪು ಮುಗಿಯಿತು, ಆಮೇಲೆ ಆ ಮಾತು ಎತ್ತುವಂತಿಲ್ಲ. ಎರಡು ಸಲವೂ ಅವಳು ಕುಡಿದಳು. ಎರಡು ಸಲವೂ ಹುಡುಗಿಯ ಬೆನ್ನು ತಟ್ಟಿ, ಕೈಗೆ ಹಣ್ಣಿನ ಚೀಲ ಕೊಟ್ಟು, ಅವನ ಬೈಕಿನ ಹಿಂದೆ ಕೂರಿಸಿ ಕಳಿಸಿದಳು. ಈಗ ಹೆಲ್ಮೆಟ್ಟಿನ ಒಳಗಿನಿಂದ ಸ್ಟ್ರಾದ ಸೊರಸೊರ ಕೇಳುತ್ತ ನಿಂತವಳಿಗೆ ಆ ಎರಡು ಬಟ್ಟಲು ಚಹಾ ಹೊಟ್ಟೆಯಲ್ಲಿ ಕಲ್ಲಾಗಿ ಕುಳಿತಿದೆ ಎನ್ನಿಸಿತು.

"ಪೊಲೀಸ್ ಠಾಣೆಗೆ ಹೋಗೋಣ."

"ಬೇಡ. ಈ ಮುಖಾನ ಊರೆಲ್ಲ ನೋಡ್ಬೇಕಾ? ಎರಡು ದಿನ ಇದ್ದು ಹೋಗ್ತೀನಿ."

ಎರಡು ದಿನ ಎಂದದ್ದನ್ನು ಛುನ್‌ತಾವ್ ಗಮನಿಸಿದಳು. ವಾದ ಮಾಡಲಿಲ್ಲ. "ನೀನು ಯಾವಾಗ ಬೇಕಾದ್ರೂ ಹೋಗು. ಹಕ್ಕಿ ಮಾತ್ರ ಹುಷಾರಾಗೋವರೆಗೂ ಇಲ್ಲೇ. ಅದಕ್ಕೆ ನಿನ್ನ ದನಿ ಬಿಟ್ರೆ ಬೇರೆ ಯಾರ ದನಿ ಗೊತ್ತಿಲ್ಲ. ನೋಡ್ಕೊಳ್ಳೋರು ಯಾರು?"

ಹುಡುಗಿ ಉಳಿದಳು.

* * *

ಹಕ್ಕಿಯ ಹೆಸರು ಆಬೀ. ಅವರ ಭಾಷೆಯಲ್ಲಿ ಅಕ್ಕಿ ಎಂದರ್ಥ. ಮೊದಲ ವಾರ ಅದು ಅಕ್ಕಿಯಷ್ಟೂ ತಿನ್ನಲಿಲ್ಲ. ಮಹಡಿಯ ಹಿಂದಿನ ಕೋಣೆಯಲ್ಲಿ ಬೇರೆ ಪಂಜರ ಗೋಡೆಗೆ ಆನಿಸಿಟ್ಟು, ಮೂರು ಪಕ್ಕ ಹಳೆಯ ಬೆಡ್‌ಶೀಟ್ ಇಳಿಬಿಟ್ಟು, ಒಂದೇ ಪಕ್ಕದಿಂದ ಲೋಕ ಕಾಣುವಂತೆ ಮಾಡಿದ್ದಳು ಛುನ್‌ತಾವ್.

"ನಾಲ್ಕೂ ಕಡೆಯಿಂದ ಜನ ಬಂದ್ರೆ ಅದು ಎಲ್ಲಿ ಅಂತ ನೋಡ್ಬೇಕು?" ಎಂದಳು. "ಕೈ ಮೇಲಿಂದ ತರಬೇಡ. ಮೇಲಿಂದ ಬರೋದು ಗಿಡುಗ. ಕೆಳಗೆ ಕೂತ್ಕೋ, ಎದೆ ಮಟ್ಟದಲ್ಲಿ ಕೈ ಇಡು, ಸುಮ್ನಿರು. ಅದನ್ನ ದಿಟ್ಟಿಸಿ ನೋಡಬೇಡ, ಬೇರೆ ಕಡೆ ನೋಡ್ತಾ ಏನಾದ್ರೂ ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ನನ್ನನ್ನ ಬಯ್ಯಿ."

ಮೂರನೆಯ ದಿನ ನೀರು ಬದಲಿಸಲು ಕೈ ಹಾಕಿದ ಛುನ್‌ತಾವ್‌ಗೇ ಆಬೀ ಎರಗಿತು. ಹೆಬ್ಬೆರಳು ತೋರುಬೆರಳಿನ ನಡುವಿನ ಮೆತ್ತನೆಯ ಮಾಂಸಕ್ಕೆ ಕೊಕ್ಕು ಹೂಡಿ, ತಿರುಚಿ, ಬಿಡದೆ ನೇತಾಡಿತು. ಅವಳು ಕೈ ಕೊಡವಲಿಲ್ಲ. ಹಲ್ಲು ಕಚ್ಚಿ, ಅದು ಬಿಡುವವರೆಗೆ ಕಾದಳು. ರಕ್ತ ಮುಂಗೈವರೆಗೆ ಹರಿಯಿತು.

"ಒದರಿಬಿಡಬಾರದಾ ದೊಡ್ಡಮ್ಮ?"

"ಒದರಿದ್ರೆ ಕೈ ಅಂದ್ರೆ ಅದೇ ಅಂದ್ಕೊಳ್ಳುತ್ತೆ. ಅದಕ್ಕೆ ಗೊತ್ತಿರೋ ಕೈ ಒಂದೇ ತರದ್ದು. ಇನ್ನೊಂದು ತರದ್ದೂ ಇದೆ ಅಂತ ಗೊತ್ತಾಗಲಿ."

ರಾತ್ರಿ ಕತ್ತಲೆಯಲ್ಲಿ ಕಾಕಟೀಲ್‌ಗೆ ದಿಗಿಲು ಹತ್ತುವುದುಂಟು. ಓಣಿಯಲ್ಲಿ ಯಾರೋ ಬೈಕಿನ ಗೇರು ಬದಲಿಸಿದರೂ ಸಾಕು, ಆಬೀ ಸರಳಿನಿಂದ ಸರಳಿಗೆ ಅಪ್ಪಳಿಸುತ್ತಿತ್ತು. ಒಮ್ಮೆ ಹಾಗೆ ಹೊಡೆದುಕೊಂಡು ರೆಕ್ಕೆಯ ಎಳೆಗರಿಯೊಂದು ಮುರಿದು, ಒಡೆದ ನಲ್ಲಿಯ ಹಾಗೆ ರಕ್ತ ಸುರಿಯತೊಡಗಿತು. ಬೊಗಸೆಯಷ್ಟು ಮೈ, ಅದರಲ್ಲಿ ಎಷ್ಟು ರಕ್ತ ಇದ್ದೀತು! ಛುನ್‌ತಾವ್ ಟವೆಲಿನಲ್ಲಿ ಹಕ್ಕಿಯನ್ನು ಸುತ್ತಿ ಹಿಡಿದು, "ಇಕ್ಕಳ ತಗೋ. ಗರಿ ಬುಡಕ್ಕೆ ಹಿಡಿ. ನೇರ ಎಳಿ," ಎಂದಳು.

"ನನ್ನ ಕೈಲಿ ಆಗಲ್ಲ."

"ನನ್ನ ಕೈ ಖಾಲಿ ಇಲ್ಲ. ಎಳಿ ಅಂದೆ!"

ಪೇಯ್‌ರೋಂಗ್ ಎಳೆದಳು. ಹಕ್ಕಿ ಚೀರಿತು. ಗರಿ ಬುಡಸಮೇತ ಬಂತು. ದೋಸೆ ಹಿಟ್ಟಿಗೆ ಬೆರೆಸಲು ಇಟ್ಟಿದ್ದ ಕಾರ್ನ್‌ಫ್ಲೋರ್ ಒತ್ತಿ ಹಿಡಿದರು. ರಕ್ತ ನಿಂತಿತು. ಅಂದಿನಿಂದ ಆ ಕೋಣೆಯಲ್ಲಿ ಒಂದು ಸಣ್ಣ ದೀಪ ಉರಿಯತೊಡಗಿತು. ಹಕ್ಕಿಗೆ ಎಂದಳು ಛುನ್‌ತಾವ್. ಪೇಯ್‌ರೋಂಗಳ ಚಾಪೆ ಅದರ ಪಕ್ಕದಲ್ಲೇ ಇತ್ತು.

ಎರಡು ವಾರಕ್ಕೆ ಆಬೀ ನವಣೆ ತೆನೆಯನ್ನು ಪೇಯ್‌ರೋಂಗಳ ಬೆರಳಿನಿಂದ ಕಿತ್ತು ತಿಂದಿತು. ಮೂರನೆಯ ವಾರ ತಲೆ ತಗ್ಗಿಸಿ ಕುತ್ತಿಗೆ ಒಡ್ಡಿತು, ಕೆರೆಯಲೆಂದು. ಛುನ್‌ತಾವ್ ಪಂಜರವನ್ನು ಓಣಿಗೆ ಮುಖ ಮಾಡಿದ ಮುಂದಿನ ಕೋಣೆಯ ಕಿಟಕಿಗೆ ಸಾಗಿಸಿದಳು. ಪೇಯ್‌ರೋಂಗಳ ಮುಖದ ಊತ ಇಳಿದು, ನೇರಳೆ ಹೋಗಿ ಹಳದಿ ಬಂದಿತ್ತು. ಆದರೂ ಹೊಸ್ತಿಲು ದಾಟಬೇಕಾದರೆ ಹೆಲ್ಮೆಟ್ ಹಾಕುತ್ತಿದ್ದಳು, ಎದುರಿನ ಅಂಗಡಿಗೆ ಉಪ್ಪು ತರಲು ಹೋಗುವಾಗಲೂ.

* * *

ಆ ಊರಿನಲ್ಲಿ ಕಸವನ್ನು ಬೀದಿಯಲ್ಲಿ ಇಟ್ಟು ಬರುವಂತಿಲ್ಲ. ಸಂಜೆ ಆರು ನಲವತ್ತಕ್ಕೆ ಲಾರಿ ರಾಗ ನುಡಿಸುತ್ತ ಬರುತ್ತದೆ, ಓಣಿಯ ಬಾಯಲ್ಲಿ ಒಂದೂವರೆ ನಿಮಿಷ ನಿಲ್ಲುತ್ತದೆ, ಅಷ್ಟರಲ್ಲಿ ಕೈಯಾರೆ ಎಸೆಯಬೇಕು. ರಾಗ ಕೇಳಿದರೆ ಸ್ನಾನದಲ್ಲಿರುವವನು ನೊರೆಯ ಸಮೇತ ಬರುತ್ತಾನೆ, ಜಗಳವಾಡುತ್ತಿರುವವರು ಜಗಳ ಅಲ್ಲಿಗೇ ಬಿಟ್ಟು ಬರುತ್ತಾರೆ. ಬುಧವಾರ, ಭಾನುವಾರ ರಜೆ. ಮಂಗಳವಾರ ತಪ್ಪಿಸಿಕೊಂಡವನ ಮನೆಯಲ್ಲಿ ಬೇಸಿಗೆಯ ಮೀನಿನ ಕರುಳು ಗುರುವಾರದವರೆಗೆ ಕೊಳೆಯುತ್ತದೆ.

ದಿನವೂ ರಾಗ ಕೇಳಿದ ಕೂಡಲೇ ಛುನ್‌ತಾವ್ ಚೀಲ ಹಿಡಿದು ಕೆಳಗಿಳಿಯುವಳು. ಮರಳಿ ಬಂದವಳು ಆಬೀಗೆ ಒಂದು ಎಸಳು ನವಣೆ ಕೊಡುವಳು. ಹೊಸ ಮನೆಗೆ ಬಂದ ಹಕ್ಕಿಗೆ ಹೊತ್ತು ಗೊತ್ತಿನ ಕೆಲಸ ಒಳ್ಳೆಯದೆಂದು ಅವಳ ಲೆಕ್ಕ. ಆಬೀಯ ಲೆಕ್ಕ ಬೇರೆ. ಮನುಷ್ಯರು ಮರೆಯಾಗುತ್ತಾರೆ, ರಾಗ ನುಡಿಯುತ್ತಲೇ ಇರುತ್ತದೆ, ಮನುಷ್ಯರು ನವಣೆ ತರುತ್ತಾರೆ. ಹಾಗಾದರೆ ಮರೆಯಾದವರನ್ನು ಕರೆಯುವುದು ಈ ರಾಗದಿಂದಲೇ ಇರಬೇಕು!

ಒಂದು ಶನಿವಾರ ಸಂಜೆ ಪೇಯ್‌ರೋಂಗ್ ಬಚ್ಚಲಿಗೆ ಹೋದಳು. ಆಬೀ ಕಿಟಕಿಯಲ್ಲಿ ಜುಟ್ಟು ನಿಮಿರಿಸಿ, ಲಾರಿಯ ರಾಗವನ್ನು ಮೊದಲಿಂದ ಕೊನೆಯವರೆಗೆ, ಲೌಡ್‌ಸ್ಪೀಕರಿನ ಸೀಳುದನಿಯ ಸಮೇತ, ಓಣಿ ಮೊಳಗುವಂತೆ ಶಿಳ್ಳೆ ಹಾಕಿತು. ಹದಿನೈದು ಮನೆಗಳ ಬಾಗಿಲು ತೆರೆದವು. ಜನ ಚೀಲ ಹಿಡಿದು ಓಣಿಯ ಬಾಯಿಗೆ ಓಡಿ, ಖಾಲಿ ರಸ್ತೆ ನೋಡುತ್ತ ನಿಂತರು.

ಎದುರು ಮನೆಯ ಲಿಯೆನ್, ಸಂತೆಯಲ್ಲಿ ಮೀನು ಮಾರುವವಳು, ಬಕೆಟ್ ಹೊತ್ತುಕೊಂಡೇ ತಲೆಯೆತ್ತಿ ಕಿಟಕಿ ನೋಡಿದಳು. "ಅಯ್ಯೋ ಇದರ ಮನೆ ಹಾಳಾಗ! ಅಕ್ಕಾ, ನಿನ್ನ ಹಕ್ಕೀನ ಶುಂಠಿ ಹಾಕಿ ಬೇಯಿಸ್ತೀನಿ ನೋಡ್ತಿರು!"

"ಎಲುಬೇ ಜಾಸ್ತಿ, ನಿನಗೆ ಸಾಲಲ್ಲ," ಎಂದಳು ಛುನ್‌ತಾವ್.

ಮರುವಾರ ಮತ್ತೊಮ್ಮೆ ಹಾಗೆಯೇ ಆಯಿತು. ಮುಖಂಡ ಹೋಂಗ್ ಊಟದ ಬಟ್ಟಲು ಬಿಟ್ಟು, ಒಂದೇ ಚಪ್ಪಲಿಯಲ್ಲಿ ಓಡಿಬಂದಿದ್ದ. "ಸಾರ್ವಜನಿಕರಿಗೆ ತೊಂದರೆ," ಎಂದ ಗಂಭೀರವಾಗಿ. ಛುನ್‌ತಾವ್ ಪಂಜರವನ್ನು ಮತ್ತೆ ಹಿಂದಿನ ಕೋಣೆಗೆ ಒಯ್ದು ಕಿಟಕಿ ಮುಚ್ಚಿದಳು. ಅಂದು ಪೇಯ್‌ರೋಂಗ್ ನಕ್ಕಿದ್ದಳು. ತುಟಿಯ ಗಾಯ ಮತ್ತೆ ಬಿರಿಯುವಷ್ಟು.

* * *

ನಾಲ್ಕನೆಯ ವಾರ ಜೆನ್‌ವೇಯ್ ಬಂದ. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಹೋಂಗ್, ಹಿಂದೆ ನೆರೆಯವರು ನಾಲ್ಕು ಜನ. ಅಂಗಡಿಯ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ತಲೆ ಬಗ್ಗಿಸಿ, ಬಟ್ಟಲು ಎತ್ತಿ ಹಿಡಿದ.

"ದೊಡ್ಡಮ್ಮ, ತಪ್ಪಾಯ್ತು. ಕುಡಿದಿದ್ದೆ."

"ಕುಡಿಯಮ್ಮ, ಕುಡಿ," ಎಂದ ಹೋಂಗ್. "ಗಂಡಸು ನೆಲಕ್ಕೆ ಮಂಡಿ ಊರಿದ್ದಾನೆ. ಇನ್ನೇನು ಬೇಕು?"

ಪೇಯ್‌ರೋಂಗ್ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಚೀಲ ಆಗಲೇ ಕೈಯಲ್ಲಿತ್ತು. ಛುನ್‌ತಾವ್ ಅದನ್ನು ಕಂಡಳು. ಯಾರೂ ಹೇಳದೆಯೇ ಹುಡುಗಿ ಬಟ್ಟೆ ಕಟ್ಟಿಕೊಂಡಿದ್ದಳು. ತಾನು ಕುಡಿಯುತ್ತೇನೆ, ಅವಳು ಹೋಗುತ್ತಾಳೆ, ಮುಂದಿನ ಸಲ ಪಂಜರದಲ್ಲಿ ಹಕ್ಕಿಯ ಜಾಗದಲ್ಲಿ ಬೇರೆ ಯಾರೋ ಇರುತ್ತಾರೆ.

ಛುನ್‌ತಾವ್ ಬಟ್ಟಲು ತೆಗೆದುಕೊಂಡಳು. ಎಲ್ಲರೂ ಉಸಿರು ಬಿಟ್ಟರು. ಅವಳು ಎರಡು ಹೆಜ್ಜೆ ನಡೆದು ಅದನ್ನು ಮುಸುರೆ ಬಕೆಟ್ಟಿಗೆ ಸುರಿದಳು.

"ಹಿಂದಿನ ಎರಡೂ ಇನ್ನೂ ಜೀರ್ಣ ಆಗಿಲ್ಲ ಕಣಪ್ಪ," ಎಂದಳು.

ಜೆನ್‌ವೇಯ್ ಮೇಲೆದ್ದು ಮಂಡಿಯ ಧೂಳು ಕೊಡವಿದ. ಮೆತ್ತಗೆ ನಕ್ಕ. ಪೇಯ್‌ರೋಂಗಳ ಚೀಲ ಕೈಯಲ್ಲೇ ಉಳಿಯಿತು. ಇಡಲೂ ಇಲ್ಲ, ಹೊರಡಲೂ ಇಲ್ಲ.

ಮರುದಿನ ಬೆಳಿಗ್ಗೆ, ಅಂಗಡಿ ತುಂಬಿದ್ದಾಗ, ಅವನು ಮತ್ತೆ ಬಂದ. ಮೊಟ್ಟೆ ದೋಸೆ ತಿಂದ, ಕಾಸು ಕೊಟ್ಟ, ಹೊರಡುವಾಗ ಮೊಣಕೈಯನ್ನು ಸೋಯಾ ಹಾಲಿನ ಹಂಡೆಗೆ ಆನಿಸಿ ಒರಗಿದ. ಅಷ್ಟೇ. ಹಂಡೆ ಮಗುಚಿತು. ಕುದಿಯುವ ಹಾಲು ಛುನ್‌ತಾವಳ ಎಡಗಾಲಿನ ಮೇಲೆ ಬಿತ್ತು. ಪಾದದ ಚರ್ಮ ಕಾಲುಚೀಲದ ಹಾಗೆ ಜಾರಿತು. ಅವಳು ಹಾಕಿದ ಕೂಗು ಅವಳಿಗೇ ಗುರುತು ಸಿಗಲಿಲ್ಲ. ಆರು ಜನ ಗಿರಾಕಿಗಳು ತಂತಮ್ಮ ತಟ್ಟೆಗಳನ್ನು ನೋಡುತ್ತ ಕುಳಿತಿದ್ದರು.

ಅವನು ಹೋದ ಮೇಲೆ ಅವರಲ್ಲೊಬ್ಬಳಾದ ಲಿಯೆನ್ ಮೆಲ್ಲಗೆ ಕೇಳಿದಳು: "ಹಂಡೆ ಜಾರ್ತೇನೋ ಅಕ್ಕಾ?"

"ಹೌದು. ಹಂಡೆಗೆ ಕಾಲು ಬಂತು."

ಆಸ್ಪತ್ರೆಯಲ್ಲಿ, ನೋಡಿದವರು ಯಾರಾದರೂ ಇದ್ದರೆ ಠಾಣೆಗೆ ಬರೆದುಕೊಡಿ ಎಂದರು. ನೋಡಿದವರು ಯಾರೂ ಇರಲಿಲ್ಲ. ಸಂಜೆ ಪೇಯ್‌ರೋಂಗ್ ಕಾಲಿಗೆ ಮುಲಾಮು ಹಚ್ಚುತ್ತ ಅಳುತ್ತಿದ್ದಳು.

"ನಾನು ಹೋಗ್ತೀನಿ ದೊಡ್ಡಮ್ಮ. ನಾನು ಹೋದ್ರೆ ನಿನ್ನ ಬಿಡ್ತಾನೆ."

"ನನ್ನ ಕಾಲು ಸುಟ್ಟಿದ್ದು ದಂಡ ಮಾಡ್ತೀಯಾ?" ಎಂದಳು ಛುನ್‌ತಾವ್. ಆಮೇಲೆ ಓಣಿಯ ಕಡೆ ನೋಡುತ್ತ, "ಎಂಥಾ ಜನ! ಹೆಂಗಸು ಕಿರುಚಿದ್ರೆ ಕಿಟಕಿ ಮುಚ್ಕೋತಾರೆ. ಕಸದ ಲಾರಿ ಬಂದ್ರೆ ಸಾಯೋ ಮುದುಕೀನೂ ಎದ್ದು ಬರ್ತಾಳೆ," ಎಂದಳು.

ಪೇಯ್‌ರೋಂಗ್ ಮುಲಾಮಿನ ಮುಚ್ಚಳ ತಿರುಗಿಸುತ್ತ ಕುಳಿತಳು. ಚೀಲ ಬಾಗಿಲ ಪಕ್ಕ ಹಾಗೆಯೇ ಇತ್ತು.

* * *

ಅದು ನಡೆದದ್ದು ಮುಂದಿನ ಮಂಗಳವಾರ, ಸಂಜೆ ಆರು ದಾಟಿತ್ತು. ಬಿಸಿಲು ಇಳಿದಿದ್ದರೂ ಸೆಕೆ ಇಳಿದಿರಲಿಲ್ಲ. ಛುನ್‌ತಾವ್ ಬ್ಯಾಂಡೇಜು ಕಾಲಿನ ಭಾರ ತಪ್ಪಿಸಿ ನಿಂತು ಕಾವಲಿ ಕೆರೆಯುತ್ತಿದ್ದಳು. ಶಟರ್ ಸೊಂಟದವರೆಗೆ ಇಳಿದಿತ್ತು. ಜೆನ್‌ವೇಯ್ ಬಗ್ಗಿ ಒಳಬಂದ. ಬಾಯಲ್ಲಿ ಅಡಿಕೆ. ಸೀದಾ ಮೆಟ್ಟಿಲ ಪಕ್ಕದ ಗೋಡೆಗೆ ಹೋಗಿ ಗುಂಡಿ ಒತ್ತಿದ. ಶಟರ್ ಗರಗರನೆ ನೆಲ ಮುಟ್ಟಿತು.

"ಊಟ ಆಯ್ತಾ ದೊಡ್ಡಮ್ಮ?"

"ಆಚೆ ಹೋಗು."

"ಅವಳನ್ನ ಕರೀರಿ."

"ಕರೆಯಲ್ಲ."

ಅವನು ಹೊಡೆದದ್ದು ಅಂಗೈಯಲ್ಲೇ, ಆದರೆ ಅವಳು ಸ್ಟೀಲ್ ಮೇಜಿಗೆ ಹೋಗಿ ಬಿದ್ದಳು. ಬಾಯಲ್ಲಿ ಹಲ್ಲೊಂದು ಕಳಚಿ ನಾಲಿಗೆಯ ಮೇಲೆ ಬಂತು. ಅವಳ ಕೈಯಲ್ಲಿ ಇನ್ನೂ ದೋಸೆ ಮಗುಚುವ ಸಟ್ಟುಗ ಇತ್ತು. ಇಪ್ಪತ್ತಾರು ವರ್ಷ ಕಾವಲಿಗೆ ತಿಕ್ಕಿ ತಿಕ್ಕಿ ಅದರ ಅಂಚು ಕತ್ತಿಯಾಗಿತ್ತು. ಅವನು ಬಗ್ಗಿದ ಕೂಡಲೇ ಬೀಸಿದಳು. ಕಿವಿಯ ತುದಿ ಹರಿದು ಅಂಗಿಯ ಮೇಲೆ ರಕ್ತ ಇಳಿಯಿತು. ಅವನು ಕಿವಿ ಮುಟ್ಟಿಕೊಂಡು ಬೆರಳು ನೋಡಿದ. ಅವಳ ಮಣಿಕಟ್ಟು ತುಳಿದ. ಬೂಟಿನ ಹಿಮ್ಮಡಿ ತಿರುಗಿಸಿದ. ಒಳಗೆ ಏನೋ ಲಟಕ್ ಎಂದಿತು.

ಅವಳು ಕಿರುಚಿದಳು. ಓಣಿ ಕೇಳಲೆಂದೇ ಕಿರುಚಿದಳು. ಹೊರಗೆ ಒಂದು ಕಿಟಕಿ ಜಾರಿ ಮುಚ್ಚಿತು. ಇನ್ನೊಂದು ಮುಚ್ಚಿತು. ಯಾರದೋ ಮನೆಯ ಟೀವಿ ಜೋರಾಯಿತು.

"ಕೂಗಿ," ಎಂದ ಅವನು. "ಅವಳು ಇಳಿದು ಬರ್ತಾಳೆ." ಸುಟ್ಟ ಕಾಲಿನ ಪಾದ ಹಿಡಿದು, ಬ್ಯಾಂಡೇಜಿನ ಮೇಲೆಯೇ, ಅವಳನ್ನು ಮೆಟ್ಟಿಲ ಬುಡದವರೆಗೆ ದರದರ ಎಳೆದ. ಕಣ್ಣು ಕತ್ತಲಿಟ್ಟಿತು. ಆ ಕತ್ತಲಿನ ಒಳಗೆ, ಮಹಡಿಯ ಮುಂದಿನ ಕೋಣೆಯಲ್ಲಿ ಏನೋ ಭಾರದ್ದನ್ನು ಇಟ್ಟ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಕಿಟಕಿ ಸರಿದ ಸದ್ದು. ಆ ಕಿಟಕಿ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಅದರ ಜಾಡು ಒಂದು ಕಡೆ ಕಚ್ಚುತ್ತದೆ, ತೆರೆಯುವಾಗ ಮಾತ್ರ.

ಹುಡುಗಿ ಪಂಜರವನ್ನು ಓಣಿಯ ಕಡೆ ತಂದಿಟ್ಟಿದ್ದಾಳೆ. ತಾನು ಅಂದು ಬೇಸತ್ತು ಆಡಿದ ಮಾತನ್ನು ಹಿಡಿದಿಟ್ಟುಕೊಂಡಿದ್ದಾಳೆ! ಆದರೆ ಛುನ್‌ತಾವ್‌ಗೆ ಹಕ್ಕಿಗಳು ಗೊತ್ತು. ಹೆದರಿದ ಹಕ್ಕಿ ಬಾಯಿ ಬಿಡುವುದಿಲ್ಲ. ಸುತ್ತ ಕಿರುಚಾಟ ಇದ್ದಾಗ ಜುಟ್ಟು ಮಲಗಿಸಿ ಕಲ್ಲಾಗುತ್ತದೆ. ಐದು ವಾರದ ಹಿಂದೆ ಮೂಲೆಯ ಸರಳಿಗೆ ಕಚ್ಚಿಕೊಂಡಿದ್ದ ಜೀವ ಅದು.

ಪೇಯ್‌ರೋಂಗ್ ಮೆಟ್ಟಿಲಿಳಿದು ಬಂದಳು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

"ಬಂದೆ. ದೊಡ್ಡಮ್ಮನ ಕಾಲು ಬಿಡು."

ಅವನು ಬಿಟ್ಟ. ಅವಳ ಕೂದಲು ಮುಷ್ಟಿಯಲ್ಲಿ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಒಂದು. ಎರಡು. ಹುಬ್ಬು ಒಡೆದು ಕಣ್ಣಿನೊಳಕ್ಕೆ ರಕ್ತ ಇಳಿಯಿತು. ಅವಳು ಕೂಗಲಿಲ್ಲ. ಕಿವಿ ಎಲ್ಲೋ ಮೇಲೆ ಇಟ್ಟುಕೊಂಡು ನಿಂತ ಹಾಗಿತ್ತು.

ಮಹಡಿಯಲ್ಲಿ ಏನೂ ಇಲ್ಲ. ಏನೂ ಇಲ್ಲ.

ಆಮೇಲೆ, ಮೊದಲಿಗೆ ಒಂದೇ ಒಂದು ಎಳೆ, ಪ್ರಶ್ನೆ ಕೇಳಿದ ಹಾಗೆ. ಎಲ್ಲಿ ಹೋದೆ? ಉತ್ತರ ಬರಲಿಲ್ಲ. ಆಗ ಆಬೀ ಎದೆ ತುಂಬಿಕೊಂಡು ರಾಗ ಎತ್ತಿತು. ಲೌಡ್‌ಸ್ಪೀಕರಿನ ಸೀಳು ಸಮೇತ, ಬಾಗುವಲ್ಲಿ ಬಾಗುತ್ತ, ಓಣಿ ಮೊಳಗುವಂತೆ.

ಬಾಗಿಲುಗಳು ದಡದಡ ತೆರೆದವು. ಚಪ್ಪಲಿಗಳು ಪಟಪಟ ಓಡಿದವು. "ಇವತ್ತೇನು ಇಷ್ಟು ಬೇಗ! ಏ, ಮೀನಿನ ಬಕೆಟ್ ತಗೋ, ನಾಳೆ ರಜಾ!" ಲಿಯೆನ್‌ಳ ದನಿ ಶಟರಿನ ಆಚೆ ಮೂರು ಮಾರಿನಲ್ಲಿತ್ತು.

ಜೆನ್‌ವೇಯ್ ಒಂದು ಕೈಯಲ್ಲಿ ಪೇಯ್‌ರೋಂಗಳ ಬಾಯಿ ಅದುಮಿದ. "ಸುಮ್ನಿರು," ಎಂದ ಪಿಸುದನಿಯಲ್ಲಿ. "ಲಾರಿ ಹೋಗಲಿ. ಜನ ಒಳಗೆ ಹೋದ್ಮೇಲೆ ಹೊರಡೋಣ."

ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಅವಳ ಬೆನ್ನಿನಿಂದ ಒಂದು ಗೇಣು ಆಚೆ ಶಟರಿನ ಮೂರು ಗುಂಡಿಗಳಿದ್ದವು. ಛುನ್‌ತಾವ್ ನೆಲದಲ್ಲಿ ಬಿದ್ದುಕೊಂಡು ನೋಡಿದಳು. ಹುಡುಗಿಯ ಕೈ ಗೋಡೆಯ ಮೇಲೆ ತೆವಳುತ್ತಿತ್ತು, ನಿಲ್ಲುತ್ತಿತ್ತು. ಹೊರಗೆ, ಲಾರಿ ಕಾಣದೆ ಮರಳಿ ಕಿಟಕಿಯ ಕೆಳಗೆ ನೆರೆದ ಇಡೀ ಓಣಿ ನಿಂತಿದೆ. ಮುಖದ ಮೇಲೆ ರಕ್ತ. ಮೂರು ವರ್ಷ ಯಾರೂ ನೋಡಬಾರದೆಂದು ಗಾಜಿನ ಹಿಂದೆ ಇಟ್ಟುಕೊಂಡಿದ್ದ ಮುಖ. ಛುನ್‌ತಾವ್ ಕೂಗಬಹುದಿತ್ತು, ಕೂಗಲಿಲ್ಲ. ಕೈ ಕೊಡವಿದರೆ ಕೆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹುಡುಗಿ ತಾನಾಗಿಯೇ ಬರಬೇಕು.

ಪೇಯ್‌ರೋಂಗ್ ಬಾಯಿ ತೆರೆದು ಕಚ್ಚಿದಳು. ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ ಹಲ್ಲು ಹೂಡಿ, ತಿರುಚಿ, ಬಿಡಲಿಲ್ಲ. ಅವನು ಊಳಿಟ್ಟ. ಅವಳ ಅಂಗೈ ಮೇಲಿನ ಗುಂಡಿಯ ಮೇಲೆ ಬಿತ್ತು.

ಶಟರ್ ತನ್ನ ಪಾಡಿಗೆ ತಾನು, ಆತುರವಿಲ್ಲದೆ, ಏರತೊಡಗಿತು. ಮೊದಲು ಚಪ್ಪಲಿಗಳು ಕಂಡವು. ಬಕೆಟ್ಟುಗಳು, ಚೀಲಗಳು. ಆಮೇಲೆ ಮಂಡಿ, ಹೊಟ್ಟೆ. ಕೊನೆಗೆ ಮುಖಗಳು, ಇಪ್ಪತ್ತೈದು ಮೂವತ್ತು. ಹೋಂಗ್ ಎರಡು ಕೈಯಲ್ಲೂ ಚೀಲ ಹಿಡಿದು ಮುಂದೆಯೇ ನಿಂತಿದ್ದ. ನೋಡಲು ತಟ್ಟೆ ಇರಲಿಲ್ಲ, ಮುಚ್ಚಲು ಕಿಟಕಿ ಇರಲಿಲ್ಲ. ಎಲ್ಲರೂ ನೋಡಿದರು.

"ಗಂಡ ಹೆಂಡ್ತಿ ವಿಷಯ," ಎಂದ ಜೆನ್‌ವೇಯ್. ಅವನ ಕೈಯಲ್ಲಿ ಇನ್ನೂ ಕೂದಲಿನ ಮುಷ್ಟಿ ಇತ್ತು. "ನಿಮ್ಮ ಕಸ ಹಾಕಿ ಹೋಗಿ."

ಛುನ್‌ತಾವ್ ಮೊಣಕೈ ಊರಿ ಎದ್ದು ಕುಳಿತಳು. ಬಾಯಲ್ಲಿದ್ದ ಹಲ್ಲನ್ನು ಅಂಗೈಗೆ ಉಗುಳಿದಳು. "ಹೋಂಗಣ್ಣಾ," ಎಂದಳು. "ಚಹಾ ಮಾಡ್ಲಾ? ಕುಡೀತೀರಾ?"

ಹೋಂಗ್‌ನ ಮುಖ ಬಿಳಿಚಿತು. ಆದರೆ ಮೊದಲು ಕದಲಿದ್ದು ಲಿಯೆನ್. ದಿನವಿಡೀ ಬಿಸಿಲಲ್ಲಿ ಕೊಳೆತ ಮೀನಿನ ಕರುಳು, ಪೊರೆ, ರಕ್ತದ ನೀರು ತುಂಬಿದ ಬಕೆಟ್ಟನ್ನು ಅವಳು ಸೊಂಟದಿಂದ ಬೀಸಿ ಅವನ ಮುಖಕ್ಕೆ ಎರಚಿದಳು. "ಹಂಡೆಗೆ ಕಾಲು ಬಂತಂತೆ ಕಣೋ!" ಎಂದು ಚೀರಿದಳು. "ನನ್ನ ಬಕೆಟ್ಟಿಗೆ ಕೈ ಬಂತು ನೋಡು!" ಅವನು ಕಣ್ಣೊರೆಸಿಕೊಳ್ಳುತ್ತ ನುಗ್ಗಿ ಅವಳ ದವಡೆಗೆ ಗುದ್ದಿದ. ಅವಳು ಕುಸಿದಳು. ಅದೇ ತಡ. ಓಣಿ ಅವನ ಮೇಲೆ ಬಿತ್ತು. ಚೀಲ, ಕೊಡೆ, ಪೊರಕೆ, ಯಾರದೋ ಹೆಲ್ಮೆಟ್. ಅಂದು ತಟ್ಟೆ ನೋಡುತ್ತ ಕುಳಿತ ನಾಚಿಕೆಯೆಲ್ಲ ಕೈಗೆ ಬಂದ ಹಾಗೆ ಬಡಿದರು. ನೆಲದಲ್ಲಿ ಅವನು ಮುದುರಿಕೊಂಡ ಮೇಲೂ ಒಬ್ಬ ಒದೆಯುತ್ತಲೇ ಇದ್ದ.

"ಸಾಕು!" ಎಂದಳು ಛುನ್‌ತಾವ್. "ಸತ್ತುಗಿತ್ತಾನು, ಆಮೇಲೆ ಅವನ ಬದಲು ನಾವು ಒಳಗೆ ಹೋಗ್ಬೇಕು. ಮೇಲೆ ಕೂತ್ಕೊಳ್ಳಿ ಸಾಕು. ಹೋಂಗಣ್ಣ, ನೀವೇ ಭಾರ, ನೀವು ಕೂತ್ಕೊಳ್ಳಿ."

ಹೋಂಗ್ ಕುಳಿತ. ಪೊಲೀಸರು ಬಂದಾಗಲೂ ಅವನ ಬೆನ್ನ ಮೇಲೆಯೇ ಕುಳಿತಿದ್ದ. ಯಾರು ನೋಡಿದ್ದೀರಿ ಎಂದು ಪೊಲೀಸು ಕೇಳಿದಾಗ, "ನಾನು ನೋಡಿದೆ," ಎಂದ, ಯಾರ ಮುಖವನ್ನೂ ನೋಡದೆ. "ಬರ್ಕೊಳ್ಳಿ. ಹಂಡೆ ಮಗುಚಿದ್ದೂ ಸೇರಿಸಿ. ಅದನ್ನೂ ನೋಡಿದೋರು ಇದ್ದಾರೆ." ಲಿಯೆನ್ ದವಡೆ ಹಿಡಿದುಕೊಂಡೇ ತಲೆಯಾಡಿಸಿದಳು. ಹಿಂದಿನಿಂದ ಇನ್ನೂ ನಾಲ್ಕು ತಲೆಗಳು ಆಡಿದವು.

"ದೂರು ಯಾರದು?" ಎಂದ ಪೊಲೀಸು.

"ನಂದು," ಎಂದಳು ಪೇಯ್‌ರೋಂಗ್.

ಕೋಳ ತೊಟ್ಟ ಜೆನ್‌ವೇಯ್‌ನನ್ನು ಜೀಪಿಗೆ ಹತ್ತಿಸಿ ಕರೆದೊಯ್ದರು. ಹೆಂಗಸರಿಗೆ ಆಂಬ್ಯುಲೆನ್ಸ್ ಬರುತ್ತದೆ, ಹೇಳಿಕೆ ಅಲ್ಲೇ ಬರೆದುಕೊಳ್ಳುತ್ತೇವೆ ಎಂದರು. ಕಾಯುತ್ತ ಕುಳಿತಿದ್ದಾಗ ಓಣಿಯ ಬಾಯಲ್ಲಿ ರಾಗ ಕೇಳಿಸಿತು. ಎಲ್ಲರೂ ತಲೆಯೆತ್ತಿ ಕಿಟಕಿ ನೋಡಿದರು. ಆಬೀ ಸುಮ್ಮನೆ ರೆಕ್ಕೆ ಕೆದರಿಕೊಳ್ಳುತ್ತಿತ್ತು.

"ಅಯ್ಯೋ, ನಿಜವಾದ್ದೇ!" ಎಂದು ಲಿಯೆನ್ ಕಿರುಚಿದಳು. ಜನ ಹರಿದ ಚೀಲಗಳನ್ನು ಬಾಚಿ ತಬ್ಬಿಕೊಂಡು ಓಡಿದರು.

ಛುನ್‌ತಾವಳ ಕಸದ ಚೀಲ ಕಟ್ಟಿಟ್ಟಲ್ಲೇ ಇತ್ತು. ಅವಳ ಮಣಿಕಟ್ಟು ಊದಿ ಹಣ್ಣಾಗಿತ್ತು, ಕಾಲಿನ ಬ್ಯಾಂಡೇಜು ಕೆಂಪಾಗಿತ್ತು. "ಬಿಡು, ಗುರುವಾರ ಹಾಕಿದ್ರಾಯ್ತು," ಎಂದಳು.

"ಗುರುವಾರದವರೆಗೆ ನಾರುತ್ತೆ," ಎಂದಳು ಪೇಯ್‌ರೋಂಗ್.

ಚೀಲ ಎತ್ತಿಕೊಂಡಳು. ಹೆಲ್ಮೆಟ್ ಮೊಳೆಗೆ ನೇತಾಡುತ್ತಿತ್ತು. ಅದರ ಮುಂದೆಯೇ ಹಾದು, ಒಂದು ಕಣ್ಣು ಮುಚ್ಚಿಹೋದ ಮುಖ ಹಾಗೆಯೇ ಇಟ್ಟುಕೊಂಡು, ಓಣಿಯ ನಡುವೆ ನಡೆದಳು. ಎದುರಾದವರು ದಾರಿ ಬಿಟ್ಟರು. ಯಾರೂ ಕಣ್ಣು ತಪ್ಪಿಸಲಿಲ್ಲ, ತಪ್ಪಿಸಬೇಕೆನ್ನಿಸಿದವರೂ. ಲಾರಿಯ ಹತ್ತಿರ ಹೋಗಿ, ತೋಳೆತ್ತಿ, ಚೀಲ ಎಸೆದಳು.

ಅವಳು ಓಣಿಯ ತಿರುವಿನಲ್ಲಿ ಮರೆಯಾದ ಕ್ಷಣದಿಂದಲೇ ಕಿಟಕಿಯಲ್ಲಿ ಆಬೀ ಮತ್ತೆ ಶುರು ಮಾಡಿತ್ತು, ಲಾರಿಗಿಂತ ಅರ್ಧ ಎಳೆ ಹಿಂದೆ, ಲಾರಿಗಿಂತ ಜೋರಾಗಿ. ಛುನ್‌ತಾವ್ ಒಳ್ಳೆಯ ಕೈಯಿಂದ ಡಬ್ಬಿ ತಡಕಿ ಒಂದು ಎಸಳು ನವಣೆ ತೆಗೆದಿಟ್ಟಳು.

"ಬರ್ತಾಳೆ ಕಣೋ," ಎಂದಳು ಮೇಲೆ ನೋಡಿ. "ಕಸ ಹಾಕೋಕೆ ಹೋಗಿದ್ದಾಳೆ. ಬರ್ತಾಳೆ."